ದಂಡೋತಿಯಲ್ಲಿ ಎತ್ತಿಕೊಂಡ ತಾಟು

ವಿದೇಶದ ಆಹಾರ ಕಂಪನಿಯೊಂದು ದಂಡೋತಿ ಅನ್ನುವ ಊರಿನ ರೈತರಿಂದ ತೊಗರಿ ಕೊಳ್ಳಲು ಕರಾರುಪತ್ರ ತಂದಿತ್ತು. ಸಹಿ ಬೀಳುವ ಮೊದಲು ಅದನ್ನು ರೈತರಿಗೆ ಓದಿ ಹೇಳಿ, ಅನ್ಯಾಯವಾಗದಂತೆ ನೋಡಿಕೊಳ್ಳಲು ಕೃಷಿ ಇಲಾಖೆ ನನ್ನನ್ನು ಕಳಿಸಿತ್ತು. ಶರಣಮ್ಮ ಅನ್ನುವ ರೈತ ಹೆಣ್ಣುಮಗಳ ಪಡಸಾಲೆಯಲ್ಲಿ ಸೇರಿದ್ದ ರೈತರ ಮುಂದೆ ಕೂತು ಒಂದೊಂದೇ ಷರತ್ತು ಓದಿದೆ. ‘ಬೆಳೆದು ತಂದ ಮಾಲನ್ನು ಕಂಪನಿ ಯಾವುದೇ ಕಾರಣ ಹೇಳದೆ ತಿರಸ್ಕರಿಸಬಹುದು’ ಅನ್ನುವುದನ್ನೂ ಅದೇ ರಾಗದಲ್ಲಿ ಓದಿ ಮುಂದೆ ಹೊರಟಿದ್ದೆ.

“ಅದೊಂದು ಸಾಲು ಮತ್ತೊಮ್ಮೆ ಓದ್ರಿ ಸಾಹೇಬ್ರೇ” ಅಂದಳು ಶರಣಮ್ಮ.

ಓದಿದೆ. ಆಕೆ ಎದ್ದು ಒಳಗೆ ಹೋದಳು. “ಮೊದಲು ಊಟ ಮಾಡ್ರಿ, ಆಮ್ಯಾಲ ಸಹಿ” ಅಂತ ನನಗೂ, ಸಹಿ ಹಾಕಿಸಲು ಬಂದಿದ್ದ ಕಂಪನಿಯ ಮ್ಯಾನೇಜರ್ ಮೈಸೂರು ಕಡೆಯವನಿಗೂ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ಬೆಳಿಗ್ಗೆಯಿಂದ ಹಸಿದಿದ್ದ ಅವನು ರೊಟ್ಟಿ ಮುರಿಯುವಷ್ಟರಲ್ಲಿ ಎರಡೂ ತಾಟು ಎತ್ತಿಕೊಂಡಳು.

“ಯಾಕಮ್ಮಾ, ಏನಾಯ್ತು?” ಅಂದ ಮ್ಯಾನೇಜರ್.

“ಕಾರಣ ಹೇಳಂಗಿಲ್ರಿ. ನಿಮ್ಮ ಕಾಗದದಾಗ ಹಂಗೇ ಅದ.”

ಪಡಸಾಲೆಯ ತುಂಬ ನಗು. ಬಂದವರನ್ನು ಕೈ ಹಿಡಿದು ಕೂಡಿಸಿ ಉಣ್ಣಿಸುವ ಆ ಊರಲ್ಲಿ ಇಟ್ಟ ತಾಟು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಮ್ಯಾನೇಜರ್ ಕೆಂಪಗಾದ. ಫೋನು ಹಿಡಿದು ಅಂಗಳಕ್ಕೆ ಹೋದ, ಬಹಳ ಹೊತ್ತು ಮಾತಾಡಿದ, ವಾಪಸ್ ಬಂದು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ. ಅವನ ತಾಟು ತುಪ್ಪದ ಸಮೇತ ಮರಳಿ ಬಂತು.

ರೈತರ ಹಿತ ಕಾಯಲು ಹೋದ ನನ್ನ ತಾಟು ಮಾತ್ರ ಬರಲಿಲ್ಲ. ಕಾರಣ ನಾನು ಕೇಳಲೂ ಇಲ್ಲ.