ಮೀಸಲು ತುಪ್ಪ

ಪಕ್ಕದ ಮನೆಯಲ್ಲಿ ಇವತ್ತು ಬೆಣ್ಣೆ ಕಾಯಿಸುತ್ತಿದ್ದಾರೆ. ಆ ಘಮಕ್ಕೆ ಹೊಳಲ್ಕೆರೆಯ ಈ ಬಾಡಿಗೆ ಕೋಣೆ ಮರೆತುಹೋಗಿ, ರಾಮಗಿರಿಯ ಅಜ್ಜಿಮನೆಯ ಅಂಗಳಕ್ಕೆ ಹೋಗಿಬಿಟ್ಟೆ.

ಹಸು ಈದ ಮೇಲಿನ ಮೊದಲ ತುಪ್ಪ ದೇವರಿಗೆ ಮೀಸಲು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಬೆಣ್ಣೆ ಕಾಯಿಸುತ್ತಿದ್ದಳು. ಮೀಯುವುದರಿಂದಲೇ ‘ಮೀಸಲು’ ಎಂಬ ಮಾತು ಹುಟ್ಟಿತಂತೆ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ಸಲ ಅಜ್ಜಿ ಹೀಗೆ ಬೆಣ್ಣೆ ಕಾಯಿಸುವ ದಿನವೇ ನಾನು ಮೊದಲ ಬಾರಿ ಮುಟ್ಟಾಗಿ, ಅಂಗಳದಾಚೆಯ ಗುಡಿಸಲಲ್ಲಿ ಒಬ್ಬಳೇ ಕೂತಿದ್ದೆ. ಅಜ್ಜಿ ಮುದ್ದೆಯ ತಟ್ಟೆಯನ್ನು ದೂರದಲ್ಲಿಟ್ಟು ಸರಿದು ನಿಂತಳು.

“ಮೀಸಲು ಅಂದ್ರೆ ಏನಜ್ಜಿ?”

“ಯಾರೂ ಮುಟ್ಟದಂಗೆ ಎತ್ತಿಟ್ಟಿರೋದು ಕಣವ್ವ. ಅದ್ಕೇ ಅದ್ರಾಗೆ ದೇವ್ರು ಐತೆ.”

“ನನ್ನೂ ಯಾರೂ ಮುಟ್ಟಂಗಿಲ್ವಲ್ಲ. ಹಂಗಾದ್ರೆ ನಾನೂ ಮೀಸಲೇನಜ್ಜಿ?”

ಅಜ್ಜಿ ನನ್ನ ತಲೆ ಸವರಲು ಹತ್ತಿರ ಬಂದು ಕೈ ಚಾಚಿದಳು. ಒಳಗೆ ಒಲೆಯ ಮೇಲೆ ದೇವರ ಬೆಣ್ಣೆಯಿತ್ತು. ನನ್ನನ್ನು ಮುಟ್ಟಿದರೆ ಮತ್ತೆ ಮೀಯಬೇಕು. ಚಾಚಿದ ಕೈ ಅರ್ಧಕ್ಕೇ ನಿಂತಿತು.

ಪಕ್ಕದ ಮನೆಯ ಒಲೆ ಆರಿರಬೇಕು, ಘಮ ಕರಗುತ್ತಿದೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ನನ್ನ ತಲೆ ಮಾತ್ರ ಈಗಲೂ ಆ ಕೈಗೆ ಕಾಯುತ್ತದೆ.