ಲೋಟದ ಮುಂದೆ ಕಣ್ಣು ಮುಚ್ಚುತ್ತಿದ್ದ ಪೆರ್ಸಿಸ್ ಬಾಯಿ

ಪೆರ್ಸಿಸ್ ಬಾಯಿ ಒಂದು ಗುಟುಕು ನೀರನ್ನೂ ಕಣ್ಣು ಮುಚ್ಚದೆ ಕುಡಿದವರಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತುಸು ಬಗ್ಗಿಸಿ, ಸದ್ದಿಲ್ಲದೆ ತುಟಿ ಅಲುಗಿಸಿ, ಆಮೇಲೆ ಕುಡಿಯುವುದು. ಮನೆಯಲ್ಲೂ ಹಾಗೆ, ಮದುವೆಯ ಊಟದ ಸಾಲಿನಲ್ಲೂ ಹಾಗೆ, ಉಪ್ಪಿನಂಗಡಿಯಲ್ಲಿ ಕಡಬದ ಬಸ್ಸಿಗೆ ಕಾಯುವಾಗ ಮೂಸಕುಂಞಿಯವರ ಚಾದಂಗಡಿಯಲ್ಲೂ ಹಾಗೆ.

"ಚಾ ತಣಿತದೆ ಬಾಯಮ್ಮ," ಎಂದು ಮೂಸಕುಂಞಿ ರೇಗಿಸುತ್ತಿದ್ದರು. "ನಾವು ಬಿಸ್ಮಿ ಹೇಳಿ ಮುಗಿಸ್ತೇವೆ. ನಿಮ್ಮದು ಎಂತ ಅಷ್ಟು ಉದ್ದ?"

"ಹೆಸರು ಹೇಳ್ಲಿಕ್ಕೆ ತುಂಬಾ ಜನ ಉಂಟು ಮೂಸಾಕ. ಇವತ್ತು ನಿಮ್ಮದೂ ಇತ್ತು."

"ಹಾಗಾದ್ರೆ ತಣಿಯಲಿ. ಅವಸರ ಮಾಡ್ಬೇಡಿ."

ಪುತ್ತೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಅವರು ಹೊಲಿಗೆಯ ಬಾಯಿ. ಮಂಗಳೂರಿನ ನೇಯ್ಗೆಯವರ ಮನೆಯ ಹುಡುಗಿ. ಗಂಡ ತೀರಿಕೊಂಡ ಮೇಲೆ ಪುತ್ತೂರಿಗೆ ಬಂದು ಚರ್ಚಿನ ಹಿತ್ತಲಿನ ಒಂದು ಕೋಣೆಯಲ್ಲಿ ಉಳಿದವರು. ಹೊರಗೆ ಬಾರದ ಹೆಂಗಸರಿರುವ ಮನೆಗಳಿಗೆ ಹೋಗಿ ಹೊಲಿಗೆ, ಕಸೂತಿ ಕಲಿಸುವುದು, ಸೂಜಿ ಓಡುವಾಗ ಯೇಸುಸ್ವಾಮಿಯ ಒಂದು ಕತೆ ಹೇಳುವುದು, ಇದು ಅವರ ಸೇವೆ. ಕತೆಗಿಂತ ಮೊದಲು ಎದುರಿನವಳ ಮಾತು ಕೇಳಬೇಕು ಎನ್ನುವುದು ಅವರು ತಾವೇ ಮಾಡಿಕೊಂಡಿದ್ದ ಕ್ರಮ. ಎಷ್ಟೋ ಮನೆಗಳಲ್ಲಿ ಕೇಳುವುದರಲ್ಲೇ ತಿಂಗಳುಗಳು ಹೋಗುತ್ತಿದ್ದವು. ಬೇಸರ ಪಟ್ಟವರಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಆಲಂಕಾರಿನ ಶೀನಪ್ಪ ಗೌಡರು ತಾವಾಗಿಯೇ ಚರ್ಚಿನ ಹಿತ್ತಲಿಗೆ ಬಂದು ಬಾಯಿಯನ್ನು ವಿಚಾರಿಸಿದರು. ಅವರ ಮಗಳು ವಾರಿಜಾಕ್ಷಿಯನ್ನು ಕಲ್ಲುಗುಂಡಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಆಕೆ ಒಲೆಯ ಮುಂದೆ ಬಿದ್ದು ಕೈಕಾಲು ಸೆಳೆದುಕೊಂಡಳು. ಮತ್ತೊಮ್ಮೆ ಬಿದ್ದಳು. ಬೀಳುವ ಕಾಯಿಲೆ ಎಂದು ಗಂಡನ ಮನೆಯವರು ತವರಿಗೆ ಕಳಿಸಿದರು. ಅಂದಿನಿಂದ ಆಕೆಗೆ ಬಾವಿಕಟ್ಟೆ ಇಲ್ಲ, ಹೊಳೆ ಇಲ್ಲ, ನೆಂಟರ ಮನೆಯ ಮದುವೆ ಇಲ್ಲ.

"ಕೈಗೆ ಒಂದು ಕೆಲಸ ಬೇಕು ಅವಳಿಗೆ," ಎಂದರು ಗೌಡರು. "ಮೆಶಿನು ತರಿಸಿದ್ದೇನೆ. ವಾರಕ್ಕೊಮ್ಮೆ ಬಂದು ಕಲಿಸಿ. ಆದ್ರೆ ಒಂದು ಮಾತು. ನಿಮ್ಮ ಯೇಸುವಿನ ಸುದ್ದಿ ನಮ್ಮ ಜಗಲಿ ಹತ್ತಬಾರದು. ಹತ್ತಿದ ದಿನ ಹೊಲಿಗೆ ಮುಗೀತು. ಉದಯಶಂಕರ ಇವತ್ತಲ್ಲ ನಾಳೆ ಅವಳನ್ನು ಕರಕೊಂಡು ಹೋಗ್ತಾನೆ. ಅದರೊಳಗೆ ಅವಳ ಮೇಲೆ ಇನ್ನೊಂದು ಮಾತು ಬರುದು ಬೇಡ."

ಉದಯಶಂಕರ ಎಂದರೆ ಅಳಿಯ. ಪೆರ್ಸಿಸ್ ಬಾಯಿ ಆಗಲಿ ಎಂದು ಮಾತು ಕೊಟ್ಟರು.

ಸಭೆಯ ಪಾದ್ರಿ ಅಯ್ಯನವರಿಗೆ ಇದು ಹಿಡಿಸಲಿಲ್ಲ. "ಸುವಾರ್ತೆಯನ್ನು ಹೊರಗೆ ಚಪ್ಪಲಿಯ ಹತ್ತಿರ ಬಿಟ್ಟು ಒಳಗೆ ಹೋಗುವುದಾ ಬಾಯಿ?" ಎಂದು ಕೇಳಿದರು.

"ಆ ಹುಡುಗಿಯ ಹತ್ತಿರ ಹೋಗ್ಲಿಕ್ಕೆ ಬೇರೆ ಬಾಗಿಲು ಇಲ್ಲ ಅಯ್ಯನವರೇ."

ಗೌಡರ ಮನೆಯ ಜಗಲಿಗೆ ತಾಗಿದ ಸಣ್ಣ ಕೋಣೆಯಲ್ಲಿ ಮೆಶಿನು ಇತ್ತು. ಮರದ ಸರಳಿನ ಕಿಟಕಿಯಿಂದ ದನದ ಹಟ್ಟಿ ಕಾಣುತ್ತಿತ್ತು, ಅದರಾಚೆ ಕಡಬಕ್ಕೆ ಹೋಗುವ ಬಸ್ಸಿನ ಸದ್ದು ಮಾತ್ರ ಕೇಳುತ್ತಿತ್ತು. ವಾರಿಜಾಕ್ಷಿ ಬೇಗ ಕಲಿತಳು. ಮಾತಾಡಲು ತಡವಾಯಿತು. ಆದರೆ ಒಮ್ಮೆ ಶುರುವಾದ ಮೇಲೆ ಬಟ್ಟೆಯಿಂದ ಕಣ್ಣೆತ್ತದೆ ಹೇಳುತ್ತಲೇ ಹೋಗುತ್ತಿದ್ದಳು.

"ನಾನು ಎಲ್ಲಿಗೂ ಹೋದದ್ದಲ್ಲ ಬಾಯಮ್ಮ. ಇಲ್ಲಿಯವರು ಅಲ್ಲಿಗೆ ಕಳಿಸಿದ್ರು, ಅಲ್ಲಿಯವರು ಇಲ್ಲಿಗೆ ಕಳಿಸಿದ್ರು. ಬಸ್ಸಿನಲ್ಲಿ ಹಾಕಿದ ಗೋಣಿಯ ಹಾಗೆ."

ಬಾಯಿ ಕೇಳಿಸಿಕೊಂಡರು. ಮತ್ತೊಂದು ವಾರ ವಾರಿಜಾಕ್ಷಿ ಮೆಶಿನು ನಿಲ್ಲಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ನಿಮ್ಮ ದೇವರು ಬೀಳುವವರನ್ನು ಎಂತ ಮಾಡ್ತಾನೆ?"

ಬಿದ್ದು ಒದ್ದಾಡುತ್ತಿದ್ದ ಒಬ್ಬ ಹುಡುಗನನ್ನು ಅವನ ತಂದೆ ಯೇಸುವಿನ ಬಳಿಗೆ ತಂದ ಕತೆ ಬಾಯಿಗೆ ಚಿಕ್ಕಂದಿನಿಂದ ಗೊತ್ತು. ಸ್ವಾಮಿ ಆ ಹುಡುಗನ ಕೈ ಹಿಡಿದು ಎಬ್ಬಿಸಿದ್ದು, ಅವನು ಎದ್ದು ನಿಂತದ್ದು. ಈ ಮನೆಗೆ ಬೇಕಾದದ್ದು ಅದೊಂದೇ ಕತೆ. ಅದು ಅವರ ನಾಲಿಗೆಯ ತುದಿಗೆ ಬಂತು. ಹೇಳಿದರೆ ಮುಂದಿನ ವಾರ ಈ ಕೋಣೆಗೆ ಬರಲಿಕ್ಕಿಲ್ಲ, ಈ ಹುಡುಗಿಯ ಮಾತು ಕೇಳಲು ಇನ್ನೊಬ್ಬರಿಲ್ಲ.

"ದಾರ ಸಿಕ್ಕಾಯ್ತು ನೋಡು," ಎಂದರು ಬಾಯಿ.

ವಾರಿಜಾಕ್ಷಿ ದಾರ ಬಿಡಿಸಿದಳು.

ಮುಂದೆ ನನ್ನ ಹತ್ತಿರ ಆ ದಿನದ ಬಗ್ಗೆ ಹೇಳುವಾಗ ಬಾಯಿ ನನ್ನ ಮುಖ ನೋಡುತ್ತಿರಲಿಲ್ಲ. "ಬಾಗಿಲು ತೆಗೆಸಿಕೊಂಡು ಒಳಗೆ ಹೋದವಳೂ ನಾನೇ, ಹೊರಗಿನಿಂದ ಬೀಗ ಹಾಕಿಸಿಕೊಂಡವಳೂ ನಾನೇ. ಅವಳಾದರೂ ಒಂದು ಮನೆಯೊಳಗೆ ಇದ್ದಳು. ನಾನು ನನ್ನ ಮಾತಿನ ಒಳಗೇ ಸಿಕ್ಕಿಬಿದ್ದಿದ್ದೆ," ಎನ್ನುತ್ತಿದ್ದರು.

ಆದರೂ ಅವರ ಹಳೆಯ ಅಭ್ಯಾಸ ಬಿಡಲಿಲ್ಲ. ಹೊಲಿಗೆಯ ನಡುವೆ ವಾರಿಜಾಕ್ಷಿಯೇ ಕಾಫಿ ಮಾಡಿ ತರುತ್ತಿದ್ದಳು. ಬಾಯಿ ಜಗಲಿಯ ತುದಿಯಲ್ಲಿ ಕುಳಿತು, ಲೋಟ ಹಿಡಿದು, ಕಣ್ಣು ಮುಚ್ಚುತ್ತಿದ್ದರು. ಗೌಡರ ಹೆಂಡತಿ ಅಪ್ಪಿಯವರು ಅಡಿಕೆ ಸುಲಿಯುತ್ತಾ ಇದನ್ನು ನೋಡುತ್ತಿದ್ದರು.

ಆ ಕಡೆಯ ಮನೆಗಳಲ್ಲಿ ಕೈಮದ್ದಿನ ಭಯ ಹಿಂದಿನಿಂದ ಬಂದದ್ದು. ಆಗದವರು ಊಟದಲ್ಲೋ ಕಾಫಿಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕುಳಿತು ಮನುಷ್ಯನನ್ನು ದಿನದಿಂದ ದಿನಕ್ಕೆ ಒಣಗಿಸುತ್ತದೆ ಎಂಬ ನಂಬಿಕೆ. ಒಂದು ಮನೆಯ ಕಾಫಿಯನ್ನು ಸಂಶಯದಿಂದ ನೋಡುವುದಕ್ಕಿಂತ ದೊಡ್ಡ ಅವಮಾನ ಆ ಮನೆಗೆ ಇಲ್ಲ. ಕೆಲಸಕ್ಕೆ ಬರುತ್ತಿದ್ದ ಸೀತು ಒಂದು ದಿನ ಅಪ್ಪಿಯವರ ಕಿವಿಯಲ್ಲಿ ಹೇಳಿದಳಂತೆ: "ಮದ್ದಿಗೆ ಹೆದರುವವರು ಹಾಗೆ ಮಂತ್ರ ಹೇಳಿಯೇ ಕುಡಿಯುದು ಅಮ್ಮ."

ಮರುವಾರದಿಂದ ಕಾಫಿ ನಿಂತಿತು. ಅದರ ಬದಲು ಅಪ್ಪಿಯವರು ಒಂದು ಇಡೀ ಎಳನೀರಿನ ಬೊಂಡವನ್ನೂ ಒಂದು ಕತ್ತಿಯನ್ನೂ ಬಾಯಿಯ ಮುಂದೆ ಇಟ್ಟು, "ನೀವೇ ಕೆತ್ತಿ ಕುಡೀರಿ," ಎಂದು ಒಳಗೆ ಹೋಗತೊಡಗಿದರು. ಬಾಯಿಗೆ ಎಳನೀರು ಕೆತ್ತಿ ಅಭ್ಯಾಸವಿರಲಿಲ್ಲ. ಅರ್ಧ ನೀರು ಸೀರೆಯ ಮೇಲೆ, ಅರ್ಧ ಹೊಟ್ಟೆಗೆ. ಆದರೆ ಅವರಿಗೆ ಸಂತೋಷವೇ ಸಂತೋಷ. ನಮ್ಮ ಸ್ತ್ರೀಯರ ಕೂಟದಲ್ಲಿ, "ಆ ಮನೆಯಲ್ಲಿ ನನಗೀಗ ಕತ್ತಿಯನ್ನೇ ಕೈಗೆ ಕೊಡ್ತಾರೆ, ಮನೆಯವಳ ಹಾಗೆ," ಎಂದು ಹೇಳಿಕೊಂಡರು. ಎಳನೀರಿಗೂ ಕಣ್ಣು ಮುಚ್ಚುವುದನ್ನು ಬಿಡಲಿಲ್ಲ.

ಒಂದು ದಿನ ಅಪ್ಪಿಯವರಿಗೆ ತಡೆಯಲಾಗಲಿಲ್ಲ. ಅಡಿಕೆಯ ಬುಟ್ಟಿ ಬದಿಗೆ ಸರಿಸಿ ಎದುರು ಬಂದು ನಿಂತರು.

"ಬೊಂಡಕ್ಕೂ ಕಣ್ಣು ಮುಚ್ಚುತ್ತೀರಲ್ಲ ಮಾರಾಯ್ರೆ. ಅದರ ಒಳಗೆ ನಾನು ಹೇಗೆ ಹಾಕುದು? ಮರ ಹತ್ತಿ ಹಾಕುದಾ?"

"ಎಂತ ಹಾಕುದು ಅಪ್ಪಿಯಕ್ಕ?"

"ಮದ್ದು. ನಮ್ಮ ಮನೆಯಲ್ಲಿ ಮದ್ದು ಹಾಕುವವರು ಯಾರೂ ಇಲ್ಲ. ಅಷ್ಟು ಹೆದರಿಕೆ ಇದ್ರೆ ನಮ್ಮ ಮನೆಗೆ ಬರುದು ಎಂತಕ್ಕೆ?"

ಬಾಯಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಉತ್ತರ ಸಣ್ಣದು. ಆದರೆ ಆ ಉತ್ತರದಲ್ಲಿ ದೇವರ ಹೆಸರು ಬರದೆ ಇರುವುದಿಲ್ಲ. ಹೇಳದಿದ್ದರೆ ಅಪ್ಪಿಯವರ ಮನೆಗೆ ಮಾಡಿದ ಅವಮಾನ ಹಾಗೇ ಉಳಿಯುತ್ತದೆ, ಹೇಳಿದರೆ ಕೊಟ್ಟ ಮಾತು ಹೋಗುತ್ತದೆ.

"ಗೌಡರು ಬರಲಿ ಅಕ್ಕ. ಅವರ ಎದುರು ಹೇಳ್ತೇನೆ," ಎಂದು ಅಂಗಳಕ್ಕಿಳಿದು ನಿಂತರು.

ಗೌಡರು ಕೊಯಿಲದ ಸರಕಾರಿ ದನದ ಫಾರ್ಮಿಗೆ ಒಂದು ಕರು ನೋಡಲು ಹೋಗಿದ್ದರು. ಬಂದವರು, "ಎಂತ, ಬಿಸಿಲಿನಲ್ಲಿ ನಿಂತದ್ದು?" ಎಂದು ಕೇಳಿದರು. ಬಾಯಿ ನಡೆದದ್ದನ್ನು ಹೇಳಿ, "ನಿಮಗೆ ಕೊಟ್ಟ ಮಾತು ಮುರಿಯದೆ ಅಪ್ಪಿಯಕ್ಕನಿಗೆ ಉತ್ತರ ಕೊಡ್ಲಿಕ್ಕೆ ನನಗೆ ಗೊತ್ತಿಲ್ಲ," ಎಂದರು.

ಗೌಡರು ಅವರನ್ನೇ ನೋಡಿದರು. "ನಾನಿಲ್ಲದಾಗ ಹೇಳಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಗೊತ್ತಾಗ್ತಿರಲಿಲ್ವಾ? ಅಪ್ಪಿಯಕ್ಕ ಹೇಳದೆ ಇರ್ತಿದ್ರಾ?"

ಗೌಡರಿಗೆ ನಗು ಬಂತು. "ಹೇಳಿ. ಆ ಒಂದು ವಿಷಯ ಮಾತ್ರ."

ಬಾಯಿ ಅಪ್ಪಿಯವರ ಕಡೆ ತಿರುಗಿದರು. "ಕೊಟ್ಟ ದೇವರಿಗೆ ಉಪಕಾರ ಹೇಳುದು. ಮತ್ತೆ, ಮಾಡಿ ಕೊಟ್ಟ ಕೈಗೆ ಒಳ್ಳೆದಾಗಲಿ ಅಂತ ಕೇಳುದು. ಅಷ್ಟೇ ಅಕ್ಕ."

"ಯಾರ ಕೈಗೆ?"

"ಕಾಫಿ ಮಾಡುದು ವಾರಿಜಾಕ್ಷಿ ಅಲ್ವಾ? ಅವಳ ಹೆಸರು ಹೇಳ್ತೇನೆ. ಬೊಂಡ ಬಂದ ಮೇಲೆ ನಿಮ್ಮದು."

"ನಾನು ಸಿಟ್ಟಿನಲ್ಲಿ ಕುಕ್ಕಿ ಇಟ್ಟ ದಿನವೂ?"

"ಸಿಟ್ಟು ಅಂತ ನನಗೆ ಎಲ್ಲಿ ಗೊತ್ತು? ಮರ್ಯಾದೆ ಅಂತ ನೆನೆಸಿದ್ದೆ."

ಗೌಡರು ಜಗಲಿಯ ಕಂಬ ಹಿಡಿದು ನಕ್ಕರು. ಅಪ್ಪಿಯವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಕತ್ತಿಯನ್ನು ತೆಗೆದುಕೊಂಡು ಒಳಗೆ ಹೋದರು. ಮರುವಾರ ಕಾಫಿ ಬಂತು, ಜೊತೆಗೆ ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬು.

ಕೋಣೆಯೊಳಗಿದ್ದ ವಾರಿಜಾಕ್ಷಿ ಇದೆಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೆಶಿನಿನ ಮುಂದೆ ಕುಳಿತು ಬಾಯಿಗೆ ಮಾತ್ರ ಕೇಳುವ ಹಾಗೆ, "ಇಷ್ಟು ಕಾಲ ನನ್ನ ಹೆಸರು ಹೇಳ್ತಿದ್ರಾ?" ಎಂದಳು. ಬಾಯಿ ತಲೆಯಾಡಿಸಿದರು. ಅವಳು ಆ ದಿನ ಹೊಲಿದದ್ದೆಲ್ಲ ಸೊಟ್ಟ.

ಕೆಲವು ವಾರ ಕಳೆದು ವಾರಿಜಾಕ್ಷಿಯೂ ಕಾಫಿಯ ಲೋಟ ಹಿಡಿದು ಕಣ್ಣು ಮುಚ್ಚಿದಳು. ಅಪ್ಪಿಯವರು ನೋಡಿದವರೇ ಕಾಯಿಲೆ ಬಂತೆಂದು ಹೆದರಿ, ಬೀಳುವವರ ಕೈಗೆ ಕಬ್ಬಿಣ ಕೊಡಬೇಕೆಂದು ಸೊಂಟದ ಬೀಗದಕೈಯ ಗೊಂಚಲು ಕಿತ್ತು ಓಡಿಬಂದು ಮಗಳ ಅಂಗೈಯಲ್ಲಿ ಒತ್ತಿದರು. ಕಾಫಿ ಚೆಲ್ಲಿತು.

"ಬಿಡಿ ಅಮ್ಮ, ಬಿದ್ದದ್ದಲ್ಲ. ಕಣ್ಣು ಮುಚ್ಚಿದ್ದು," ಎಂದಳು ವಾರಿಜಾಕ್ಷಿ, ಬೀಗದಕೈ ಹಿಡಿದುಕೊಂಡೇ.

ಗೌಡರಿಗೆ ಈ ಸುದ್ದಿ ಮುಟ್ಟಿತು. ಸಿಟ್ಟಾಗುತ್ತಾರೆಂದು ಬಾಯಿ ಎದುರು ನೋಡುತ್ತಿದ್ದರು. ಅವರು ಸಿಟ್ಟಾಗಲಿಲ್ಲ, ದಣಿದವರಂತೆ ಕುಳಿತರು. "ಮಾತು ಜಗಲಿ ಹತ್ತಬಾರದು ಅಂತ ಹೇಳಿದ್ದೆ. ನೀವು ಮಾತಾಡದೆಯೇ ಹತ್ತಿಸಿದ್ರಲ್ಲ," ಎಂದರು.

"ಗೌಡ್ರೆ, ನನ್ನನ್ನು ಆ ಮಾತಿನಿಂದ ಬಿಡಿಸಿ. ಅವಳು ಕೇಳ್ತಾಳೆ. ನನಗೆ ಸುಮ್ಮನಿರ್ಲಿಕ್ಕೆ ಕಷ್ಟ ಆಗ್ತದೆ."

"ಕಲ್ಲುಗುಂಡಿಯವರು ಒಂದು ತೀರ್ಮಾನ ಹೇಳುವವರೆಗೆ ಇಲ್ಲ ಬಾಯಮ್ಮ. ನನಗೂ ಕಷ್ಟವೇ."

ಹಾಗೆ ಎಲ್ಲರೂ ಕಲ್ಲುಗುಂಡಿಯ ಒಂದು ಮಾತಿಗೆ ಕಾಯುತ್ತಾ ಉಳಿದರು. ವಾರಿಜಾಕ್ಷಿ ಮತ್ತೊಮ್ಮೆ ಕೇಳಿದಳು: "ಕಣ್ಣು ಮುಚ್ಚಿ ಯಾರ ಹತ್ತಿರ ಮಾತಾಡುದು ಬಾಯಮ್ಮ? ನಾನು ಸುಮ್ಮನೆ ಕತ್ತಲೆ ನೋಡ್ತಾ ಇರ್ತೇನೆ." ಬಾಯಿ ಅವಳ ಕೈಯ ಮೇಲೆ ಕೈ ಇಟ್ಟರು. ಅದಕ್ಕಿಂತ ಹೆಚ್ಚು ಕೊಡಲು ಅವರಿಗೆ ಅಪ್ಪಣೆ ಇರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವರು ಆ ಬಿದ್ದ ಹುಡುಗನ ಕತೆಯನ್ನು ಮೊದಲಿಂದ ಕಡೆಯವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರಂತೆ, ಅವಳು ಪಕ್ಕದ ಸೀಟಿನಲ್ಲಿ ಕುಳಿತ ಹಾಗೆ. ಉಪ್ಪಿನಂಗಡಿಯಲ್ಲಿ ಮೂಸಕುಂಞಿ, "ಎಂತ ಬಾಯಮ್ಮ, ಚಾ ಬರುವ ಮೊದಲೇ ಶುರುವಾ?" ಎಂದರೆ ಆಗಷ್ಟೇ ತುಟಿ ನಿಲ್ಲುತ್ತಿತ್ತು.

ಎಂಬತ್ತರ ಮಳೆಗಾಲ ಕಳೆದ ಮೇಲೆ ತೀರ್ಮಾನ ಬಂತು. ಉದಯಶಂಕರ ಬೇರೆ ಮದುವೆ ಮಾಡಿಕೊಂಡಿದ್ದ. ಇವರಿಗೆ ಕರೆಯೂ ಇರಲಿಲ್ಲ. ಸಂಪಾಜೆಯ ಕಡೆಯ ನೆಂಟರೊಬ್ಬರು ಆ ಮದುವೆಯ ಊಟ ಮಾಡಿ ಬಂದು ಹೇಳಿದ್ದು.

ಆ ವಾರ ಬಾಯಿ ಹೋದಾಗ ಮೆಶಿನಿನ ಸದ್ದು ಎಂದಿನಂತೆ ಕೇಳುತ್ತಿತ್ತು. ಗೌಡರು ಜಗಲಿಯಲ್ಲೇ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಬಟ್ಟೆಯ ಗಂಟು ಇತ್ತು. ಅಪ್ಪಿಯವರು ಬಾಗಿಲ ಹಿಂದೆ ಇದ್ದರು, ಎದುರು ಬರಲಿಲ್ಲ.

"ಕೂತುಕೊಳ್ಳಿ," ಎಂದರು ಗೌಡರು. "ಇನ್ನು ಕಾಯುವಂಥದ್ದು ಎಂತದೂ ಇಲ್ಲ. ನಿಮ್ಮ ಮಾತಿನಿಂದ ನಿಮ್ಮನ್ನು ಬಿಡಿಸಿದ್ದೇನೆ. ನನ್ನ ಹೆಂಡತಿ ಕುಕ್ಕಿ ಇಟ್ಟದ್ದನ್ನೂ ಮರ್ಯಾದೆ ಅಂತ ತಗೊಂಡವರು ನೀವು. ನಿಮಗೆ ಒಂದು ಉಪಕಾರ ಮಾಡ್ಬೇಕು ಅಂತ ಉಂಟು. ವಾರಿಜಾಕ್ಷಿಯನ್ನು ಕರಕೊಂಡು ಹೋಗಿ. ನಿಮ್ಮ ಹತ್ತಿರ ಇರಲಿ, ನಿಮ್ಮ ಇಗರ್ಜಿಗೆ ಬರಲಿ, ನಿಮ್ಮವಳನ್ನಾಗಿ ಮಾಡಿಕೊಳ್ಳಿ. ಊರವರು ಹೇಳಿದ್ದನ್ನು ನಾನು ಕೇಳಿಕೊಳ್ತೇನೆ. ಮೆಶಿನನ್ನೂ ಕಳಿಸ್ತೇನೆ."

ಒಳಗೆ ಮೆಶಿನು ನಿಂತಿತು.

ಬಾಯಿ ಎರಡು ವರ್ಷದಿಂದ ಬೇಡಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಅಯ್ಯನವರಿಗೆ ಹೇಳಿದರೆ ಸಂತೋಷ ಪಡುತ್ತಿದ್ದರು. ತಮ್ಮ ಕೋಣೆಯಲ್ಲಿ ಇನ್ನೊಂದು ಚಾಪೆ ಹಾಸುವ ಜಾಗವೂ ಅವರ ಕಣ್ಣ ಮುಂದೆ ಬಂದುಹೋಯಿತಂತೆ. ಅವರು ಕೋಣೆಯ ಕಡೆ ನೋಡಿದರು. ಅರ್ಧ ತೆರೆದ ಬಾಗಿಲಿನಲ್ಲಿ ವಾರಿಜಾಕ್ಷಿಯ ಪಾದ ಮಾತ್ರ ಕಾಣುತ್ತಿತ್ತು, ಇನ್ನೂ ಮೆಶಿನಿನ ತುಳಿಯುವ ಹಲಗೆಯ ಮೇಲೆಯೇ ಇತ್ತು.

"ಅವಳ ಹತ್ತಿರ ಕೇಳಿದ್ರಾ ಗೌಡ್ರೆ?"

"ಅವಳ ಹತ್ತಿರ ಎಂತ ಕೇಳುದು?"

ಬಾಯಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ, ಗೌಡರ ಕಡೆಗೆ ಮೆಲ್ಲಗೆ ಸರಿಸಿ ಇಟ್ಟರು.

"ಮಾತು ಬಿಡಿಸಿದ್ದನ್ನು ತಗೊಳ್ತೇನೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ ಬಾಕಿ ಉಂಟು. ಅದನ್ನು ಇಲ್ಲೇ, ಈ ಜಗಲಿಯಲ್ಲೇ, ನಿಮ್ಮಿಬ್ಬರ ಎದುರೇ ಹೇಳ್ತೇನೆ. ಆದ್ರೆ ಅವಳನ್ನು ನೀವು ಕೊಟ್ಟು ನಾನು ತಗೊಂಡು ಹೋಗುದಿಲ್ಲ. ಒಮ್ಮೆ ನೀವು ಕಳಿಸಿದ್ದು ಆಯ್ತು, ಒಮ್ಮೆ ಅವರು ಕಳಿಸಿದ್ದು ಆಯ್ತು. ಅವಳು ಬರುದಾದ್ರೆ ಅವಳೇ ಎದ್ದು ಬರಲಿ, ಬಾರದಿದ್ರೆ ನಾನು ಮುಂದಿನ ವಾರವೂ ಹೊಲಿಗೆಗೆ ಬರ್ತೇನೆ. ಈ ಉಪಕಾರ ಬೇಡ ಗೌಡ್ರೆ. ಗಂಟು ಬಿಚ್ಚಲಿಕ್ಕೆ ಅಪ್ಪಿಯಕ್ಕನಿಗೆ ಹೇಳಿ."