ಸದ್ದು ಮಾಡದ ಪದ್ಮಿನಿ

ಜೋಯಲ ಬೀದರದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವನು. ಯಾರ ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಒಂದು ಹನಿ ನೋಡಿ ಹೇಳಬಲ್ಲ. ತನ್ನ ಕಾರಿನ ಟಾಕಿಯಲ್ಲಿ ಎಷ್ಟು ಪೆಟ್ರೋಲಿದೆ ಎಂದು ಕೇಳಿದರೆ ಮಾತ್ರ ಕೆಳಗಿಳಿದು, ಮುಚ್ಚಳ ತಿರುಗಿಸಿ, ಒಳಗೊಂದು ಕಡ್ಡಿ ಬಿಟ್ಟು ನೋಡಬೇಕು. ಮೀಟರಿನ ಮುಳ್ಳು ಅರ್ಧಕ್ಕೆ ನಿಂತು ಯಾವ ಕಾಲವಾಯಿತೋ. ಟಾಕಿ ತುಂಬಿದರೂ ಅರ್ಧ, ಒಣಗಿದರೂ ಅರ್ಧ. ಜೀವನದಲ್ಲಿ ಇಷ್ಟು ಸಮಾಧಾನಿಯಾದ ವಸ್ತುವನ್ನು ತಾನು ಇನ್ನೊಂದು ಕಂಡಿಲ್ಲ ಎಂದು ಅವನೇ ಹೇಳುತ್ತಾನೆ.

ಕಾರು ಅಂದರೆ ಅವನು ಹುಟ್ಟುವ ಮೊದಲೇ ಹುಟ್ಟಿದ ಒಂದು ಪದ್ಮಿನಿ. ಹಾಲಿನ ಕೆನೆಯ ಬಣ್ಣ, ಅಲ್ಲಲ್ಲಿ ಚಹಾದ ಬಣ್ಣ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಕೋಲಿನ ಹಾಗೆ ಚಾಚಿಕೊಂಡಿದೆ. ಮುಂದಿನ ಸೀಟು ಶಾಲೆಯ ಬೆಂಚಿನ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಉದ್ದ. ಬಗದಲ ಊರಿನ ನಿವೃತ್ತ ಹೆಡ್ ಮಾಸ್ತರರೊಬ್ಬರಿಂದ ಅದನ್ನು ಕೊಂಡು ತಂದ ದಿನ ಮಾಸ್ತರರ ಕಣ್ಣಲ್ಲಿ ನೀರು ಬಂದಿತ್ತು. ಅದು ಅಗಲಿಕೆಯ ನೀರೆಂದು ಜೋಯಲ ತಿಳಿದ. ಬಿಡುಗಡೆಯ ನೀರೆಂದು ತಿಳಿಯಲು ಒಂದು ಬೇಸಿಗೆ ಬೇಕಾಯಿತು.

ರವಿವಾರ ಚರ್ಚು ಮುಗಿಸಿ ಅವನು ಹೋಗುವುದು ಅಷ್ಟೂರಿಗೆ. ಅಲ್ಲಿನ ಸುಲ್ತಾನರ ಗೋರಿಗಳ ಗುಂಬಜುಗಳ ಹತ್ತಿರ ಒಂದು ಇಳಿಜಾರಿದೆ. ಅಲ್ಲಿ ಹಳೆ ಗಾಡಿಗಳ ಸಂಘ ಸೇರುತ್ತದೆ. ಸಂಘವೆಂದರೆ ಮೂವರು. ಅಂಬಾಸಿಡರ್ ಇಟ್ಟ ವಿಜ್ಞಾನದ ಮಾಸ್ತರ ಕ್ರಿಸ್ಟೋಫರ, ಜೀಪು ಇಟ್ಟ ಭಾಲ್ಕಿಯ ಅನೀಲಕುಮಾರ, ಮತ್ತು ಜೋಯಲ. ಗಾಡಿಗಳನ್ನು ಇಳಿಜಾರಿಗೆ ಮುಖಮಾಡಿಯೇ ನಿಲ್ಲಿಸಬೇಕು ಎಂಬುದು ಸಂಘದ ಏಕೈಕ ನಿಯಮ. ಅನೀಲಕುಮಾರ ಹೆಚ್ಚಾಗಿ ಬಸ್ಸಿಗೆ ಬರುತ್ತಾನೆ.

"ಜೀಪ್ ಎಲ್ಲ್ಯದಲೇ?" ಎಂದು ಜೋಯಲ ಕೇಳುತ್ತಾನೆ.

"ಮನ್ಯಾಗ ಅದ. ಕಾರ್ಬುರೇಟರ್ ಬಿಚ್ಚೀನಿ."

"ದೀಪಾವಳಿಗಿ ಬಿಚ್ಚಿದ್ದಿ ಅಲ್ಲೇನು?"

"ಬಿಚ್ಚೋದು ಸರಳ ಅದ ದೋಸ್ತ, ಜೋಡಿಸಲಾಕ ಮೂಡ್ ಬೇಕು."

ಕ್ರಿಸ್ಟೋಫರ ಸರ್ ಆಗ ಗಂಭೀರವಾಗಿ, "ನಂದು ಈ ವಾರ ಒಮ್ಮಿನೂ ಬಂದ್ ಬಿದ್ದಿಲ್ಲ ನೋಡ್ರಿ," ಎನ್ನುತ್ತಾರೆ.

"ಹೊರಗ ತೆಗೆದಿದ್ರೇನ್ರಿ ಸರ್?"

"ಇಲ್ಲ, ತೆಗೆದಿದ್ದಿಲ್ಲ."

ಹೀಗೆ ಚಹಾ ಆರುವವರೆಗೆ ಮಾತು. ಯಾವ ಸದ್ದು ಎಲ್ಲಿಂದ ಬರುತ್ತದೆ ಎಂಬುದೇ ಇವರ ಶಾಸ್ತ್ರ. ಜೋಯಲನ ಗಾಡಿಯಲ್ಲಿ ಮುಂದೆಲ್ಲೋ ಒಂದು 'ಟಿಣ್ ಟಿಣ್' ಇತ್ತು. ಮೂವರೂ ನಾಲ್ಕು ವರ್ಷ ಬಾನೆಟ್ಟಿನೊಳಗೆ ತಲೆ ತೂರಿಸಿ ಹುಡುಕಿದರೂ ಅದರ ಊರು ಸಿಕ್ಕಿರಲಿಲ್ಲ. ಕೊನೆಗೆ, ಅದು ಗಾಡಿಯ ಉಸಿರು, ಅದು ಇರುವತನಕ ಚಿಂತೆಯಿಲ್ಲ ಎಂದು ಕ್ರಿಸ್ಟೋಫರ ಸರ್ ತೀರ್ಪು ಕೊಟ್ಟಿದ್ದರು.

ಜೋಯಲನ ತಾಯಿ ಜಾಯ್ಸ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನರ್ಸಾಗಿ ದುಡಿದು ನಿವೃತ್ತಿಯಾದವರು. ತೀರಿಹೋದ ತಂದೆ ಗಿಡಿಯೋನ ಆಸ್ಪತ್ರೆಯ ಜೀಪಿನ ಡ್ರೈವರ್. ಹಾಗಾಗಿ ತನ್ನ ರಕ್ತದಲ್ಲೇ ಗಾಡಿ ಇದೆಯೆಂದು ಜೋಯಲ ಹೇಳಿಕೊಂಡು ತಿರುಗುತ್ತಿದ್ದ. "ನಿನ್ನ ರಕ್ತ ನೀನೇ ಒಮ್ಮೆ ತಪಾಸ್ ಮಾಡ್ಕೋ," ಎನ್ನುತ್ತಿದ್ದರು ತಾಯಿ. ಅವರಿಗೆ ಆ ಗಾಡಿಯ ಮೇಲೆ ಸಿಟ್ಟು ಬರಲು ಕಾರಣವಿತ್ತು. ಕಳೆದ ಈಸ್ಟರಿನಂದು ಚರ್ಚಿನ ಎದುರಿಗೇ ಅದು ನಿಂತುಬಿಟ್ಟಿತ್ತು. ಪಾಸ್ಟರರು ನಿಲುವಂಗಿ ಎತ್ತಿ ಕಟ್ಟಿಕೊಂಡು ದೂಡಿದ್ದರು. ಇಸ್ತ್ರಿ ಮಾಡಿದ ಸೀರೆಯಲ್ಲಿ ಜಾಯ್ಸ ಕೂಡ ಕೈ ಹಚ್ಚಬೇಕಾಗಿ ಬಂದಿತ್ತು.

ಹೀಗಿರುವಾಗ ಔರಾದದಿಂದ ಹಮೀದುನ್ನಿಸಾ ಅವರ ಫೋನು ಬಂತು. ಅವರು ಜಾಯ್ಸರ ಜೊತೆ ಒಂದೇ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮಗಳು ಕುಬರಾಳ ಮದುವೆ. ರವಿವಾರ ಮಧ್ಯಾಹ್ನ ನಿಕಾಹದ ಊಟ. "ನೀ ಬರೋತನಕ ನಾ ತುತ್ತು ಮುಟ್ಟಂಗಿಲ್ಲ ಜಾಯ್ಸ," ಎಂದು ಬಿಟ್ಟರು.

"ಬಸ್ಸಿಗ್ಯಾಕ ಮಮ್ಮಿ? ನಾ ಕರ್ಕೊಂಡು ಹೋಗ್ತೇನಿ," ಎಂದ ಜೋಯಲ.

ಜಾಯ್ಸ ಬೆರಳೆತ್ತಿ ಷರತ್ತು ಹಾಕಿದರು. "ಆಯ್ತು. ಇದು ಕಡೀ ಸಲ. ಮನಿ ಮುಂದ ಕುಂತ್ರ ಹಮೀದಾನ ಮಂಟಪದ ಮುಂದೇ ನನ್ನ ಕಾಲು ನೆಲಕ್ಕ ಹತ್ತಬೇಕು. ನಡುವ ರಸ್ತಾದಾಗ ಇಳಿಸಿದಿ ಅಂದ್ರ ನಾಳಿಗೇ ಗುಜರಿಗೆ ಕೊಡಬೇಕು. ಕಬೂಲ್?"

ಜೋಯಲ, "ಕಬೂಲ್," ಎಂದ. ಆ ವಾರವಿಡೀ ಅವನು ಗಾಡಿಯನ್ನು ಮೈದಡವಿ ಮಾತಾಡಿಸಿದ. ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುತ್ತ, "ಒಂದ್ಸಲ ಮಾನ ಉಳಿಸವ್ವ," ಎಂದು ಗೊಣಗಿದಾಗ ರೋಗಿ ಹೆದರಿ ಕೈ ಹಿಂದಕ್ಕೆಳೆದುಕೊಂಡಿದ್ದ.

ರವಿವಾರ ಪದ್ಮಿನಿ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಜಾಯ್ಸ ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಉಡುಗೊರೆಯ ಡಬ್ಬಿ ಇಟ್ಟುಕೊಂಡು ಮುಂದೆ ಕುಳಿತರು. ಭಾಲ್ಕಿಯ ದಾರಿ ಹಿಡಿದರು. ಸುತ್ತುದಾರಿಯಾದರೂ ಅಡ್ಡಿಯಿಲ್ಲ, ಅನೀಲಕುಮಾರ ಜೊತೆಗಿದ್ದರೆ ಧೈರ್ಯ ಎಂಬುದು ಜೋಯಲನ ಲೆಕ್ಕ. ತನ್ನ ಜೀಪನ್ನೇ ಜೋಡಿಸಲಾರದವನಿಂದ ಎಂಥ ಧೈರ್ಯವೆಂದು ಅವನಿಗೆ ಹೊಳೆಯಲಿಲ್ಲ. ಭಾಲ್ಕಿಯಲ್ಲಿ ಎಂಜಿನ್ ಆರಿಸದೆಯೇ ಅವನನ್ನು ಹಿಂದೆ ಹತ್ತಿಸಿಕೊಂಡು ಔರಾದದ ರಸ್ತೆಗೆ ತಿರುಗಿದರು.

ತೊಗರಿ ಹೊಲಗಳ ನಡುವೆ ಗಾಡಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡಿತು. ಏರು ಬಂದರೂ ಏದುಸಿರಿಲ್ಲ. ಜಾಯ್ಸ ಕಣ್ಣುಮುಚ್ಚಿ ಯಾವುದೋ ಸ್ತೋತ್ರ ಗುನುಗತೊಡಗಿದರು. ಠಾಣಾ ಕುಶನೂರ ಎಂಬ ಊರೂ ದಾಟಿತು. ಇನ್ನೇನು ಗೆದ್ದೆನೆಂದು ಸಂತೋಷಪಡಬೇಕಾದ ಜೋಯಲನಿಗೆ ಬೆವರು ಬರಲು ಶುರುವಾಯಿತು.

"ಅನೀಲ, ಏನರೆ ಕೇಳ್ಲಕತ್ತದೇನು?"

ಅನೀಲಕುಮಾರ ಕಿವಿಗೆ ಕೈ ಹಚ್ಚಿದ. "ಇಲ್ಲಲ್ಲ."

"ಅದೇ ಮತ್ತ! ಟಿಣ್ ಟಿಣ್ ಇಲ್ಲ."

"ಹೌದಲೇ! ಭಾಲ್ಕಿಯಿಂದನೂ ಇಲ್ಲ." ಅನೀಲಕುಮಾರ ಮುಂದಿನ ಸೀಟಿನತ್ತ ಬಾಗಿದ. "ಏನೋ ಕಳಚಿ ಬಿದ್ದಿರಬೇಕು. ನಿಲ್ಸು, ನಿಲ್ಸು. ಎಂಜಿನ್ ಹೊತ್ತಿ ಹೋಗ್ತದ!"

ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು, ಚೆನ್ನಾಗಿ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಜೋಯಲ ರಸ್ತೆಯ ಬದಿಗೆ ಒಯ್ದು ಎಂಜಿನ್ ಆರಿಸಿದ.

ಜಾಯ್ಸ ಕಣ್ಣು ತೆರೆದರು. "ಔರಾದ ಬಂತೇನು?"

"ಇಲ್ಲ ಮಮ್ಮಿ. ಸದ್ದು ನಿಂತದ, ಅದಕ್ಕ ನೋಡ್ಲಕತ್ತೀವಿ."

"ಯಾವ ಸದ್ದು?"

"ಆ ಟಿಣ್ ಟಿಣ್."

"ಅದಾ? ಈ ಖಾನೆದ ಮುಚ್ಚಳ ಸಡ್ಲ್ ಇತ್ತು. ನಾನೇ ನನ್ನ ಕರವಸ್ತ್ರ ತುರುಕೀನಿ," ಎಂದು ಜಾಯ್ಸ ಡ್ಯಾಶ್‌ಬೋರ್ಡಿನ ಪುಟ್ಟ ಖಾನೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದರು.

ನಾಲ್ಕು ವರ್ಷದ ಸಂಶೋಧನೆ ಒಂದು ಕರವಸ್ತ್ರಕ್ಕೆ ಮುಗಿದುಹೋಯಿತು. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೋಯಲ ಕೀಲಿ ತಿರುವಿದ. ಕಿರ್ರ್, ಕಿರ್ರ್. ಬಿಸಿಲು ನೆತ್ತಿಗೇರಿತ್ತು, ಎಂಜಿನ್ ಕಾದ ಹಂಚಾಗಿತ್ತು. ಪೈಪಿನಲ್ಲಿ ಪೆಟ್ರೋಲು ಹಬೆಯಾಗಿ ನಿಂತಿತ್ತು. ಬಿಸಿಯಲ್ಲಿ ಆರಿಸಿದರೆ ಪದ್ಮಿನಿ ಮತ್ತೆ ಏಳುವುದಿಲ್ಲವೆಂದು ಅಷ್ಟೂರಿನಲ್ಲಿ ಅವನೇ ಎಷ್ಟೋ ಸಲ ಭಾಷಣ ಬಿಗಿದಿದ್ದ. ಬಾನೆಟ್ಟು ಎತ್ತಿ ಪಂಪಿಗೆ ಒದ್ದೆ ಅರಿವೆ ಸುತ್ತಿದರು. ಮತ್ತೆ ಕಿರ್ರ್. ಆಮೇಲೆ ಟಕ್. ಬ್ಯಾಟರಿಯೂ ಕೈ ಎತ್ತಿತು.

ಆಗಲೇ ಹಮೀದುನ್ನಿಸಾ ಅವರ ಫೋನು. "ಎಲ್ಲಿದ್ದಿ? ಮಂದಿ ಉಂಡು ಏಳ್ಲಕತ್ತದ. ನಾ ಹಂಗೇ ಕುಂತೀನಿ."

"ಬಂದೆ, ಬಂದೆ," ಎಂದು ಜಾಯ್ಸ ಫೋನಿಟ್ಟು ಮಗನತ್ತ ತಿರುಗಿದರು. "ಮುಂದ?"

ಮುಂದೆ ಸಣ್ಣ ಇಳಿಜಾರಿತ್ತು. ಆದರೆ ಅದನ್ನು ಮುಟ್ಟಲು ಒಂದಿಷ್ಟು ಸಮತಟ್ಟು ದಾಟಬೇಕು. ಜೋಯಲ ಸ್ಟೇರಿಂಗ್ ಹಿಡಿದರೆ ಅನೀಲಕುಮಾರನೊಬ್ಬನಿಂದ ಗಾಡಿ ಕದಲಲಿಲ್ಲ. ಇಬ್ಬರೂ ದೂಡಿದರೆ ಸ್ಟೇರಿಂಗಿಗೆ ಯಾರಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ.

"ಆಂಟಿ, ನೀವು ಜರಾ ಇಳಿದು ಕೈ ಹಚ್ಚಿದ್ರ..." ಎಂದ ಅನೀಲಕುಮಾರ.

"ಬಾಯಿ ಮುಚ್ಚಲೇ!" ಜೋಯಲ ಚೀರಿದ. "ಮಮ್ಮಿ, ಇಳೀಬ್ಯಾಡ. ಕೈ ಮುಗೀತೇನಿ, ಇಳೀಬ್ಯಾಡ."

ಗುಜರಿಯವನ ಸುತ್ತಿಗೆ ಆ ಕೆನೆಬಣ್ಣದ ಬಾಗಿಲಿನ ಮೇಲೆ ಬೀಳುವುದು ಅವನಿಗೆ ಕಂಡೇಬಿಟ್ಟಿತು.

ಜಾಯ್ಸ ಇಳಿಯಲಿಲ್ಲ. ಉಡುಗೊರೆಯ ಡಬ್ಬಿ ಪಕ್ಕಕ್ಕಿಟ್ಟು, ಸೀರೆ ಒಟ್ಟು ಮಾಡಿಕೊಂಡು, ಆ ಬೆಂಚು ಸೀಟಿನ ಮೇಲೆ ಮೆಲ್ಲಗೆ ಸರಿದು ಸ್ಟೇರಿಂಗಿನ ಹಿಂದೆ ಬಂದು ಕುಳಿತರು.

"ದೂಡ್ರಿ."

"ನಿನಗೆಲ್ಲಿ ಬರ್ತದ ಮಮ್ಮಿ?"

"ಲಗ್ನಾದ ವರ್ಷ ನಿಮ್ಮಪ್ಪ ಆ ಜೀಪ್ ಕಲಿಸಿದ್ರು. ನಿನ್ನ ಹೊಟ್ಯಾಗ ಇಟ್ಕೊಂಡು ಓಡ್ಸೀನಿ. ನೀ ಹುಟ್ಟಿದ ಮ್ಯಾಲೆ ಪುರಸತ್ತೆಲ್ಲಿ? ದೂಡ್ರಿ, ಹಮೀದಾ ಹಸಿದು ಕುಂತಾಳ."

"ಎರಡನೇ ಗೇರಿಗಿಡು. ಕ್ಲಚ್ ಒತ್ತು, ನಾ ಹೇಳಿದಾಗ ಬಿಡು. ಒಮ್ಮೆ ಚಾಲೂ ಆದ್ರ ನಿಲ್ಲಿಸಬ್ಯಾಡ, ಏನೇ ಆದ್ರೂ ನಿಲ್ಲಿಸಬ್ಯಾಡ," ಎಂದು ಜೋಯಲ ಹಿಂದಕ್ಕೆ ಓಡಿದ.

ಇಬ್ಬರೂ ಹಲ್ಲು ಕಚ್ಚಿ ದೂಡಿದರು. ಇಳಿಜಾರು ಸಿಕ್ಕಿತು. "ಬಿಡು ಮಮ್ಮಿ!" ಪದ್ಮಿನಿ ಒಮ್ಮೆ ಬಿಕ್ಕಿ, ಒಮ್ಮೆ ಜಿಗಿದು, ಕಪ್ಪು ಹೊಗೆಯನ್ನು ಅವರ ಮುಖಕ್ಕೆ ಊದಿ ಎದ್ದುಬಿಟ್ಟಿತು. ಗೆಳೆಯರು ತಬ್ಬಿಕೊಂಡು ಕುಣಿದರು. ಕುಣಿದು ಮುಗಿಸಿ ನೋಡಿದರೆ ಗಾಡಿ ತಿರುವಿನಲ್ಲಿತ್ತು. ನಿಲ್ಲಿಸಬೇಡವೆಂದು ಮಗ ಹೇಳಿದ್ದ, ತಾಯಿ ನಿಲ್ಲಿಸಲಿಲ್ಲ. ಕಿಟಕಿಯಿಂದ ಒಂದು ಕೈ ಹೊರಬಂದು, ಬನ್ನಿ ಎಂದೋ ಬರುತ್ತೇನೆ ಎಂದೋ ಬೀಸಿತು.

ಸ್ವಲ್ಪ ಹೊತ್ತಿಗೆ, ತನ್ನ ಪಿಕಪ್ಪಿನಲ್ಲಿ ಔರಾದಕ್ಕೆ ಕುರಿ ಒಯ್ಯುತ್ತಿದ್ದ ಮಡೆಪ್ಪನೆಂಬ ಕುರಿಗಾರ ಇಬ್ಬರನ್ನೂ ಹಿಂದೆ ಹತ್ತಿಸಿಕೊಂಡ. "ಗಾಡಿ ಕೆಟ್ಟದೇನ್ರಿ?" ಎಂದು ಕೇಳಿದ.

"ಇಲ್ರಿ," ಎಂದ ಜೋಯಲ, ಒಂದು ಟಗರನ್ನು ಎದೆಯಿಂದ ಆಚೆ ತಳ್ಳುತ್ತ. "ಚಲೋ ಓಡ್ಲಕತ್ತದ."

ಅವರು ಮಂಟಪ ಮುಟ್ಟಿದಾಗ ಪದ್ಮಿನಿ ನೆರಳಲ್ಲಿ ನಿಂತಿತ್ತು. ಜಾಯ್ಸ ಮತ್ತು ಹಮೀದುನ್ನಿಸಾ ಒಂದೇ ತಾಟಿನಲ್ಲಿ ಬಿರಿಯಾನಿ ಉಣ್ಣುತ್ತಿದ್ದರು. ಗೆಳೆಯರಿಬ್ಬರ ಅಂಗಿಯಿಂದಲೂ ಬರುತ್ತಿದ್ದ ಕುರಿವಾಸನೆಗೆ ಹಮೀದುನ್ನಿಸಾ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕೈ ಅಲ್ಲ ಬೇಟಾ, ಪೂರಾ ಮೈ ತೊಳ್ಕೊಂಡು ಬಾ," ಎಂದರು.

"ಮಮ್ಮಿ," ಜೋಯಲ ಅಳುಕುತ್ತ ಕೇಳಿದ, "ಕಾಲು?"

"ಇಲ್ಲೇ ನೆಲಕ್ಕ ಹತ್ತ್ಯಾವ. ಮಾತಂದ್ರ ಮಾತು, ಗುಜರಿಗಿ ಹೋಗಂಗಿಲ್ಲ." ಜಾಯ್ಸ ಬೆರಳು ನೆಕ್ಕಿಕೊಂಡರು. "ಆದ್ರ ನನಗೊಂದು ಸಮಜ್ ಆತು. ಆ ಗಾಡ್ಯಾಗ ಕೆಟ್ಟಿದ್ದು ಒಂದೇ ಸಾಮಾನು, ಡ್ರೈವರ್."

ಮಂಟಪದ ಅರ್ಧ ಮಂದಿ ನಕ್ಕರು. ಅನೀಲಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕ. ಜೋಯಲ ಕೀಲಿಗೆಂದು ಕೈ ಚಾಚಿದ. ಜಾಯ್ಸ ಅದನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದರು.

ಸಂಜೆ ಹೊರಡುವಾಗ ಬ್ಯಾಟರಿಯಲ್ಲಿ ಇನ್ನೂ ಜೀವವಿರಲಿಲ್ಲ. ಜಾಯ್ಸ ಸ್ಟೇರಿಂಗಿಗೆ ಕುಳಿತರು. ಹಮೀದುನ್ನಿಸಾ ಕಟ್ಟಿಕೊಟ್ಟ ಬಿರಿಯಾನಿಯ ಡಬರಿ ಅವರ ಪಕ್ಕದಲ್ಲಿ ಕುಳಿತಿತು. ಔರಾದದ ಬಜಾರಿನಲ್ಲಿ ಇಬ್ಬರು ಸಂಬಳದಾರ ಗಂಡಸರು ದೂಡುತ್ತ ಹೊರಟರು. ಈ ಸಲ ಹಿಂದಿನ ಬಾಗಿಲೆರಡನ್ನೂ ಮೊದಲೇ ತೆರೆದಿಟ್ಟಿದ್ದರು. ಎಂಜಿನ್ ಎದ್ದ ಕೂಡಲೇ ಅನೀಲಕುಮಾರ ಒಳಗೆ ಹಾರಿದ. ಜೋಯಲ ಚಪ್ಪಲಿಯೊಂದನ್ನು ಬಿಟ್ಟುಕೊಟ್ಟು, ಬಾಗಿಲು ಹಿಡಿದು, ಪಾನ್ ಅಂಗಡಿಯ ಸಾಲಿನುದ್ದಕ್ಕೂ ಓಡುತ್ತಿದ್ದ.

"ಮಮ್ಮಿ, ಜರಾ ಸಾವಕಾಶ!"

"ನೀನೇ ಹೇಳೀದಿ, ನಿಲ್ಲಿಸಬ್ಯಾಡಂತ," ಎಂದು ಜಾಯ್ಸ ಗೇರು ಬದಲಿಸಿದರು.